ಪಕ್ಕದಲ್ಲಿ ನಿಂತಿದ್ದ ಬಿಳಿ ಕಾರು

ಹೆಸರು ಕುರೊಯಿವಾ ಫುಸಾಯೊ, ಗಂಡನ ಹೆಸರು ಕುರೊಯಿವಾ ತೊಕುಜಿ, ವಯಸ್ಸು 68 ವರ್ಷ, ಕಸುಬು ಸೋಯಾ ಕಾಳಿನ ಹಾಲು ಒಡೆದು ತೋಫು ತಯಾರಿಸಿ ಮಾರುವುದು, ವಾಸ ದೇವಸ್ಥಾನದ ಕೆಳಗಿನ ಓಣಿ, ಕಾಮಿಸೊನೆ ಪಟ್ಟಣ, ನಿಗಾತಾ ಪ್ರಾಂತ್ಯ, ಆದ ನಾನು ಈ ದಿನ ಕಾಮಿಸೊನೆ ಪೊಲೀಸ್ ಠಾಣೆಯಲ್ಲಿ ಕುಳಿತು, ಯಾರೂ ಹೇಳಿಕೊಡದೆ, ನನ್ನ ಬಾಯಾರೆ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ವ್ಯಾನು ಹದಿನಾಲ್ಕು ವರ್ಷ ಹಳೆಯದು. ಅದರ ಬಾಗಿಲು ಎರಡು ಸಲ ಬಡಿದರೆ ಮಾತ್ರ ಕೂರುತ್ತದೆ. ಕಿಟಕಿಯ ಸಂದಿಯಿಂದ ಗಾಳಿ ನುಗ್ಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಸರ್ಕಾರಿ ತಪಾಸಣೆಗೆಂದು ಜನವರಿ 29ರ ಬುಧವಾರ ಬೆಳಿಗ್ಗೆ ಅದನ್ನು ಹೆದ್ದಾರಿ ಪಕ್ಕದ ಕಾರು ಶೋರೂಮಿನಲ್ಲಿ ಬಿಟ್ಟೆ. ನಮ್ಮ ಗಾಡಿ ಅವರ ಹತ್ತಿರ ಇರುವಷ್ಟು ದಿನ ಓಡಾಡಲು ಅವರೇ ಒಂದು ಬದಲಿ ಕಾರು ಕೊಡುವುದು ಪದ್ಧತಿ. ಹಿಂದೆಲ್ಲ ಸಿಗರೇಟು ನಾರುವ, ಬಂಪರ್ ನೆಗ್ಗಿದ ಡಬ್ಬಾ ಕಾರು ಕೊಡುತ್ತಿದ್ದರು. ಈ ಸಲ ಮಾರಾಟ ವಿಭಾಗದ ಸೆಗಾವಾ ಎಂಬ ಯುವಕರು ಹೊಚ್ಚಹೊಸ ಬಿಳಿ ಕಾರಿನ ಬಾಗಿಲು ತೆಗೆದು ಹಿಡಿದು ನಿಂತರು.

ನಾನು ತೋಫು ನೀರು ಚೆಲ್ಲಿಕೊಂಡು ಓಡಾಡೋಳು, ನನಗ್ಯಾಕಪ್ಪಾ ಮದುವಣಗಿತ್ತಿಯಂಥ ಕಾರು, ಹಳೇದು ಯಾವ್ದಾದ್ರೂ ಕೊಡು ಎಂದೆ. ಅದಕ್ಕೆ ಅವರು, ಅಯ್ಯೋ ಬಿಡೀಮ್ಮಾ, ಎರಡು ದಿನ ಓಡಿಸಿ ನೋಡಿ, ನೀವು ತಗೊಳ್ಳೀಂತ ಯಾರಾದ್ರೂ ಹೇಳಿದ್ರಾ ಎಂದರು. ನನ್ನನ್ನು ಒಳಗೆ ಕೂರಿಸಿ, ಸೀಟು ಬಿಸಿಯಾಗುವ ಗುಂಡಿ ಒತ್ತಿದರು. ಆಮೇಲೆ ತಾವೂ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡು, ಈಗ ಕೇಳಿ, ಏನಾದ್ರೂ ಕೇಳಿಸ್ತಾ ಎಂದು ಕೇಳಿದರು. ಅಂಗಳದಲ್ಲಿ ಹಿಮ ತೆಗೆಯುವ ಯಂತ್ರ ಗುಡುಗುತ್ತಿದ್ದುದನ್ನು ನಾನು ಆಗಷ್ಟೇ ನೋಡಿದ್ದೆ. ಒಳಗೆ ಒಂಚೂರೂ ಕೇಳಿಸಲಿಲ್ಲ. ಇಂಥ ಕಾರು ಮತ್ತೊಂದಿಲ್ಲಮ್ಮಾ ಎಂದರು. ಬರೆದುಕೊಳ್ಳುತ್ತಿರುವ ಸಾಹೇಬರು ಈ ಮಾತು ಬೇಕಿಲ್ಲ ಎನ್ನುತ್ತಿದ್ದಾರೆ. ಬೇಕು, ಬರೆಯಿರಿ ಎಂದು ನಾನು ಹೇಳುತ್ತಿದ್ದೇನೆ.

ಎರಡೇ ದಿನದಲ್ಲಿ ನಾನು ಕೆಟ್ಟುಹೋದೆ. ಸೊಂಟ ನೋವಿನವಳಿಗೆ ಸೀಟಿನ ಬಿಸಿ ಸ್ವರ್ಗ. ಆದರೆ ಆ ಕಾರು ಅತ್ತೆಯಂತೆ ಮಾತು ಮಾತಿಗೆ ಗೊಣಗುತ್ತದೆ. ಬೆಲ್ಟು ಹಾಕು, ಗೆರೆ ದಾಟಬೇಡ, ಸುಸ್ತಾಗಿದ್ದೀಯ, ಚಹಾ ಕುಡಿ. ಗೊಣಗಿದಾಗಲೆಲ್ಲ ನಾನು ಸುಮ್ನಿರೇ ಎಂದು ರೇಡಿಯೊ ಜೋರು ಮಾಡುತ್ತಿದ್ದೆ. ಗುರುವಾರ ಊಟದ ಹೊತ್ತಿನಲ್ಲಿ ಗಂಡನ ಹತ್ತಿರ, ಇನ್ನು ವ್ಯಾನು ಸಾಕು, ಇದನ್ನೇ ತಗೊಳ್ಳೋಣ್ವಾ ಎಂದು ಕೇಳಿದ್ದು ನಿಜ. ಅವರು, ತೋಫು ಅಜ್ಜಿಗೆ ಕುಂಡೆ ಬಿಸಿ ಬೇಕಂತೆ, ಊರಿಗೆಲ್ಲ ಹೇಳ್ತೀನಿ ತಾಳು ಎಂದು ನಕ್ಕರು.

ಜನವರಿ 31ರ ಶುಕ್ರವಾರ ಬಿಸಿನೀರಿನ ಬುಗ್ಗೆಯ ಹತ್ತಿರದ ಛತ್ರಕ್ಕೆ ತೋಫು ಕೊಟ್ಟು, ಖಾಲಿ ಮರದ ಬಾನಿಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟೆ. ಸಂಜೆ 4-20ಕ್ಕೆ ಸೇತುವೆ ಪಕ್ಕದ ಇಪ್ಪತ್ತನಾಲ್ಕು ಗಂಟೆಯ ಅಂಗಡಿಯ ಮುಂದೆ ನಿಲ್ಲಿಸಿದೆ. ಹಿಮ ದಪ್ಪಗೆ ಬೀಳುತ್ತಿತ್ತು. ಇಂಜಿನ್ ಆರಿಸಲಿಲ್ಲ. ಚಳಿಗಾಲದಲ್ಲಿ ನಮ್ಮ ಕಡೆ ಯಾರೂ ಆರಿಸುವುದಿಲ್ಲ. ಆರಿಸಿದರೆ ಬರುವಷ್ಟರಲ್ಲಿ ಗಾಜು ಹೆಪ್ಪುಗಟ್ಟಿರುತ್ತದೆ. ಈ ಕಾರಿಗೆ ತೂತಿನಲ್ಲಿ ತಿರುಗಿಸುವ ಕೀ ಇಲ್ಲ, ಗುಂಡಿ ಒತ್ತಿ ಒಮ್ಮೆ ಚಾಲೂ ಮಾಡಿದರೆ ಕೀ ದೂರ ಹೋದರೂ ಇಂಜಿನ್ ಆರುವುದಿಲ್ಲ. ಕೀ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಒಳಗೆ ಹೋಗಿ ಆವಿಯಲ್ಲಿ ಬೇಯಿಸಿದ ಮಾಂಸದ ಬನ್ನು ಎರಡು ಕಟ್ಟಿಸಿಕೊಂಡು, ಅಂಗಡಿಯವಳ ಜೊತೆ ನಾಲ್ಕು ಮಾತಾಡಿ ಹೊರಗೆ ಬಂದೆ. ಬನ್ನು ಆರದಂತೆ ಕೋಟಿನೊಳಗೆ ಅವುಚಿಕೊಂಡಿದ್ದೆ. ತಲೆ ಬಗ್ಗಿಸಿಕೊಂಡು ಓಡಿ, ಗುರುಗುಡುತ್ತಿದ್ದ ಬಿಳಿ ಕಾರಿಗೆ ಹತ್ತಿ ಹೊರಟೆ.

ಅಲ್ಲಿ ಅಂಥದೇ ಇನ್ನೊಂದು ಬಿಳಿ ಕಾರು ಇಂಜಿನ್ ಚಾಲೂ ಇಟ್ಟು ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಒಳಗಿದ್ದಾಗ ಬಂದು ಪಕ್ಕದಲ್ಲೇ ನಿಂತಿದೆ. ಎರಡರ ಮೇಲೂ ಒಂದೇ ಸಮ ಹಿಮ. ಎರಡು ದಿನಕ್ಕೆಂದು ತಂದ ಕಾರಿನ ನಂಬರನ್ನು ಯಾರು ನೋಡಿಟ್ಟುಕೊಳ್ಳುತ್ತಾರೆ. ಸೀಟು ಸ್ವಲ್ಪ ಹಿಂದಕ್ಕೆ ಹೋಗಿತ್ತು. ಇದೂ ಒಂದು ಹೊಸ ಆಟ, ಸೀಟು ತಾನೇ ಸರಿಯುತ್ತದೆ ಎಂದುಕೊಂಡು ಮುಂದಕ್ಕೆಳೆದುಕೊಂಡೆ. ಹೊರಟ ಕೂಡಲೇ ಕಾರು ಕೀಂ ಕೀಂ ಎಂದು ಏನೋ ಹೇಳಿತು. ಕೀ ಒಳಗಿಲ್ಲ ಎಂದು ಹೇಳಿತ್ತಂತೆ, ಈಗ ಗೊತ್ತಾಗಿದೆ. ಆಗ ನಾನು, ಬಡ್ಕೋ ಬಡ್ಕೋ ಎಂದೆ. ರೇಡಿಯೊ ಜೋರಾಗಿ ಹಾಕಿ, ಗಂಟಲು ಬಿಟ್ಟು ಹಾಡಿಕೊಂಡು ಮೂರು ಕಿಲೋಮೀಟರ್ ಬಂದೆ. ಹಿಂದೆ ತಿರುಗಿ ನೋಡಲಿಲ್ಲ.

ಮನೆಯಂಗಳದಲ್ಲಿ ಇಂಜಿನ್ ಆರಿಸಿದಾಗ 4-35 ಆಗಿತ್ತು. ಬೀಗ ಹಾಕಲು ಕೀ ಒತ್ತಿದರೆ ಕಾರು ಜಪ್ಪಯ್ಯ ಎನ್ನಲಿಲ್ಲ. ಚಳಿಗೆ ಸೆಲ್ಲು ಸತ್ತಿರಬೇಕೆಂದು ಹಾಗೇ ಬಿಟ್ಟು ಒಳಗೆ ಹೋದೆ. ರಜಾಯಿ ಹೊದಿಸಿದ ಬಿಸಿಮೇಜಿನ ಕೆಳಗೆ ಇಬ್ಬರೂ ಕಾಲು ಚಾಚಿ ಕೂತೆವು. ಬನ್ನು ಇನ್ನೂ ಬಿಸಿಯಿತ್ತು.

ಸ್ವಲ್ಪ ಹೊತ್ತಿಗೆ ಪೊಲೀಸ್ ಗಾಡಿ ಸೇತುವೆಯ ಕಡೆ ಕೂಗಿಕೊಂಡು ಹೋಯಿತು. ಗಂಡ, ಯಾರೋ ಜಾರಿ ಬಿದ್ದಿರ್ಬೇಕು ಎಂದರು. 5 ಗಂಟೆಗೆ ಸ್ವಲ್ಪ ಮುಂಚೆ ಊರಿನ ಧ್ವನಿವರ್ಧಕದಲ್ಲಿ ಪುರಸಭೆಯವರು ಏನೋ ಕೂಗಿದರು. ಜೋಡಿ ಕಿಟಕಿ ಮುಚ್ಚಿದ್ದರಿಂದ ಅರ್ಧಂಬರ್ಧ ಕೇಳಿಸಿತು. ಎರಡೂವರೆ ವರ್ಷದ ಹೆಣ್ಣುಮಗು, ಹಳದಿ ಕೋಟು, ಸೇತುವೆ ಬಳಿಯ ಅಂಗಡಿಯ ಮುಂದೆ ಕಾರಿನೊಳಗೆ ಮಲಗಿದ್ದದ್ದು ಕಾಣೆಯಾಗಿದೆ ಎಂದು. ಗಂಡ ಬಾಯಲ್ಲಿದ್ದ ಬನ್ನನ್ನು ನುಂಗದೆ, ಅಯ್ಯೋ, ನೀನು ಈಗ ಅಲ್ಲಿಂದಲೇ ಬಂದ್ಯಲ್ಲೇ, ಏನೂ ನೋಡ್ಲಿಲ್ವಾ ಎಂದು ಕೇಳಿದರು. ನಾನು ನೋಡಲಿಲ್ಲ ಎಂದೆ. ಆಮೇಲೆ ನಾನು ಆಡಿದ ಮಾತು ಹೀಗಿತ್ತು: ಇಂಥ ಚಳೀಲಿ ಮಗೂನ ಕಾರಲ್ಲಿ ಬಿಟ್ಟು ಹೋಗ್ತಾಳಲ್ಲ, ಅವಳೆಂಥ ತಾಯಿ, ಕಪಾಳಕ್ಕೆ ಬಿಗೀಬೇಕು. ಇದನ್ನು ಹೇಳಿ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡೆ.

ಗಂಡನಿಗೆ ನಾಳೆಯ ತೋಫುಗೆ ಕಾಳು ನೆನೆಹಾಕಬೇಕಿತ್ತು. ಬಾನಿಗಳೆಲ್ಲಿ ಎಂದರು. ಕಾರಲ್ಲೇ ಮರೆತೆ ಎಂದು ನಾನು ಶಾಲು ಹೊದ್ದುಕೊಂಡು ಹೊರಗೆ ಹೋದೆ. ಆಗ ದಿನಾ 5 ಗಂಟೆಗೆ ಹೊತ್ತು ತಿಳಿಸಲು ಹಾಕುವ ಹಾಡು ಧ್ವನಿವರ್ಧಕದಲ್ಲಿ ಬರುತ್ತಿತ್ತು. ಅಂಗಳ ಸದ್ದಿಲ್ಲದೆ ಇತ್ತು. ಕಾರಿನ ಹಿಂದಿನ ಗಾಜು ಮೊದಲೇ ಕಪ್ಪು, ಮೇಲೆ ಹಿಮ ಬೇರೆ. ಬಾಗಿಲು ತೆಗೆದೆ.

ತೆಗೆದ ಕೂಡಲೇ ಅಳು ಕಿವಿಗೆ ಹೊಡೆಯಿತು. ಮುಚ್ಚಿದ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ. ಒಳಗಿನ ದೀಪ ಹತ್ತಿತು. ಬಾನಿಗಳಿರಲಿಲ್ಲ. ಮಕ್ಕಳನ್ನು ಕಟ್ಟಿ ಕೂರಿಸುವ ಸೀಟು ಇತ್ತು. ಅದರಲ್ಲಿ ಹಳದಿ ಕೋಟಿನ ಮಗು. ಅತ್ತು ಅತ್ತು ಧ್ವನಿ ಒಡೆದುಹೋಗಿತ್ತು, ಬಾಯಿ ದೊಡ್ಡದಾಗಿ ತೆರೆದುಕೊಂಡಿತ್ತು.

ಯಾರೋ ಮಗುವನ್ನು ಕದ್ದು ತಂದು ನನ್ನ ಕಾರಿನಲ್ಲಿ ಹಾಕಿ ಹೋಗಿದ್ದಾರೆ ಎಂದೇ ಮೊದಲು ಹೊಳೆದದ್ದು. ಪಟ್ಟಿ ಬಿಚ್ಚಲು ಬರದೆ ಒದ್ದಾಡಿದೆ. ಎತ್ತಿಕೊಂಡಾಗ ಅದರ ಬೆರಳುಗಳು ನನ್ನ ಕುತ್ತಿಗೆಗೆ ತಾಗಿದವು. ತೋಫು ನೀರಿನಲ್ಲಿ ನಲವತ್ತು ವರ್ಷ ಕೈಯಾಡಿಸಿದವಳು ನಾನು, ಅಂಥ ತಣ್ಣನೆಯ ಬೆರಳು ಮುಟ್ಟಿರಲಿಲ್ಲ. ಒಳಗೆ ಓಡಿದೆ. ಗಂಡ ಎದ್ದು ನಿಂತು, ಯಾರ ಮಗೂನೇ ಇದು ಎಂದರು. ಕಾರಲ್ಲಿತ್ತು ಎಂದೆ. ಕಾರಲ್ಲಿತ್ತು ಅಂದ್ರೇನೇ, ಕಾರಿನ ಜೊತೆ ಅವ್ರು ಇದನ್ನೂ ಕೊಟ್ರಾ ಎಂದು ಕೂಗಿದರು. ಮಗುವನ್ನು ರಜಾಯಿಯ ಕೆಳಗೆ ತೂರಿಸಿ ಕಾಲು ತಿಕ್ಕತೊಡಗಿದೆವು.

ಆ ಕ್ಷಣವೇ ಪೊಲೀಸರಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಕಾರು ಅವರದು ತಾನೇ ಎಂದು ಕೀಗೆ ಕಟ್ಟಿದ್ದ ಚೀಟಿ ನೋಡಿ ಸೆಗಾವಾ ಅವರಿಗೆ ಮಾಡಿದೆ. ಅವರು ಪೂರ್ತಿ ಕೇಳಿ, ಅಮ್ಮಾ, ಹೊರಗೆ ಹೋಗಿ ಕಾರಿನ ನಂಬರ್ ಓದಿ ಎಂದರು. ನಾನು ಅಂಗೈಯಿಂದ ಹಿಮ ಒರೆಸಿ ಓದಿದೆ. ಅಮ್ಮಾ, ಅದು ನಿಮಗೆ ಕೊಟ್ಟ ಕಾರಲ್ಲ, ಹೊಶಿನಾ ಅವರಿಗೆ ಕೊಟ್ಟಿದ್ದು ಎಂದರು. ನನ್ನ ಕಾರು ಇನ್ನೂ ಅಂಗಡಿಯ ಮುಂದೆಯೇ ಗುರುಗುಡುತ್ತ ನಿಂತಿದೆ, ಕದ್ದವಳು ನಾನೇ ಎಂಬುದು ಆಗ ತಲೆಗೆ ಹೋಯಿತು. ನಾನು ಹಿಮದಲ್ಲಿ ಕೂತುಬಿಟ್ಟೆ. ಪೊಲೀಸರಿಗೆ ಫೋನು ಮಾಡಿದವರು ನನ್ನ ಗಂಡ. ಆಗ 5-12.

ಮಗುವಿನ ಹೆಸರು ಕೊಹಾರು, ಅದರ ತಾಯಿ ಹೊಶಿನಾ ಚಿನಾತ್ಸು ಎಂಬವರು 5-25ಕ್ಕೆ ಪೊಲೀಸ್ ಗಾಡಿಯಲ್ಲಿ ನಮ್ಮ ಮನೆಗೆ ಬಂದರು. ಅವರ ಒಂದು ಕಾಲಿನಲ್ಲಿ ಬೂಟಿರಲಿಲ್ಲ. ಪ್ಯಾಂಟು ತೊಡೆಯವರೆಗೆ ಒದ್ದೆ. ಅವರು ಅಂಗಡಿಯಿಂದ ಹೊರಗೆ ಬಂದಾಗ ಬಿಳಿ ಕಾರು ನಿಂತ ಹಾಗೆಯೇ ನಿಂತಿತ್ತು, ಒಳಗೆ ಮಗುವೂ ಇಲ್ಲ, ಮಗುವಿನ ಸೀಟೂ ಇಲ್ಲ, ಯಾರದೋ ಮರದ ಬಾನಿಗಳು. ಕಾರು ಅಲ್ಲೇ ಇದ್ದುದರಿಂದ ಕಾರನ್ನು ಯಾರೂ ಹುಡುಕಲಿಲ್ಲ. ಸೀಟು ಸಮೇತ ಹೊತ್ತೊಯ್ದವನು ನಡೆದೇ ಹೋಗಿರಬೇಕೆಂದು ಎಲ್ಲರೂ ಸುತ್ತಮುತ್ತ ಹುಡುಕಿದ್ದಾರೆ. ರಸ್ತೆ ಬದಿಯಲ್ಲಿ ನಾವು ಹಿಮ ತಳ್ಳುವ ಕಾಲುವೆ ಇದೆಯಲ್ಲ, ಅದಕ್ಕೆ ಅಗ್ನಿಶಾಮಕ ದಳದವರು ಬಿದಿರು ಕೋಲುಗಳನ್ನು ಇಳಿಬಿಟ್ಟು ತಡವಿದ್ದಾರೆ. ಈಕೆ ತಾನೇ ಅದರೊಳಗೆ ಇಳಿದಿದ್ದಾರೆ. ನಾನು ಬನ್ನು ತಿನ್ನುತ್ತಿದ್ದ ಹೊತ್ತು ಅದು.

ಅವರು ಮಗುವನ್ನು ಎದೆಗೆ ಅವುಚಿಕೊಂಡರು. ನಾನು ನೆಲಕ್ಕೆ ಹಣೆ ಹಚ್ಚಿದೆ. ನನಗೆ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಆದರೆ ಅವರೇ ನನ್ನೆದುರು ಕೂತು ತಲೆ ಬಗ್ಗಿಸಿ, ನಿಮ್ಮನ್ನ ತುಂಬಾ ಗಾಬರಿಗೊಳಿಸ್ಬಿಟ್ಟೆ, ಇಂಜಿನ್ ಆರಿಸ್ದೆ ಬಿಟ್ಟು ಹೋದ ತಪ್ಪು ನಂದೇ ಎಂದರು. ಅದಕ್ಕಿಂತ ಕಪಾಳಕ್ಕೆ ಬಿಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಒಂದೇ ಒಂದು ಮಾತು ಕೇಳಿದರು. ಅಜ್ಜೀ, ಕೊಹಾರು ಅತ್ತಳಾ ಎಂದು.

ಇಲ್ಲಮ್ಮಾ, ನಿದ್ದೆ ಮಾಡ್ತಿದ್ಲು, ನಾನು ಎತ್ಕೊಂಡ ಮೇಲೇನೇ ಎಚ್ಚರ ಆಗಿದ್ದು ಎಂದು ನಾನು ಹೇಳಿದೆ. ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು.

5-50ಕ್ಕೆ ಸೆಗಾವಾ ಅವರು ಬಂದರು. ಕೋಟೂ ಹಾಕಿರಲಿಲ್ಲ. ಅಂಗಳದಲ್ಲಿ ಎಲ್ಲರ ಮುಂದೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಒಂದೇ ಥರದ ಹೊಸ ಕಾರುಗಳನ್ನು ಒಂದೇ ಊರಿನಲ್ಲಿ ಯಾಕೆ ಹಂಚಿದಿರಿ ಎಂದು ನಿಮ್ಮ ಸಿಬ್ಬಂದಿ ಗದರಿಸಿ ಕೇಳಿದಾಗ ಅವರು ಹೇಳಿದ್ದು ಏನೆಂದರೆ: ಡಿಸೆಂಬರ್ ಕೊನೆಗೆ ಇಷ್ಟು ಕಾರು ಮಾರಲೇಬೇಕೆಂದು ಮೇಲಿನಿಂದ ಲೆಕ್ಕ ಬಂದಿತ್ತು. ಲೆಕ್ಕ ತುಂಬದೆ ಶೋರೂಮಿನವರು ತಮ್ಮ ಹೆಸರಿಗೇ ನಾಲ್ಕು ಕಾರು ನೋಂದಾಯಿಸಿಕೊಂಡರು. ಆಮೇಲೆ ಮಾರಲು ಸುಲಭವೆಂದು ನಾಲ್ಕೂ ಬಿಳಿ. ಅವನ್ನು ಅಂಗಳದಲ್ಲಿ ಹಿಮ ತಿನ್ನಲು ಬಿಡುವ ಬದಲು ಬದಲಿ ಕಾರಾಗಿ ಕೊಡುತ್ತಾರೆ, ಅದೂ ಹಳೆ ಗಾಡಿಯವರನ್ನು ಆರಿಸಿ. ಹೊಸದರಲ್ಲಿ ಮೂರು ದಿನ ಕೂತವರಿಗೆ ತಮ್ಮ ಗಾಡಿಗೆ ವಾಪಸು ಹತ್ತುವಾಗ ಮುಖ ಬಾಡುತ್ತದಂತೆ. ನಾವೇನೂ ಮಾರಲ್ಲ ಸಾರ್, ಸೀಟಿನ ಬಿಸೀನೇ ಮಾರತ್ತೆ ಎಂದು ಹೇಳುವಾಗ ಅವರು ಅಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಬಿಸಿಗೆ ಸೋತವಳು ನಾನು.

ನಿಮ್ಮವರು ಫೋಟೋ ತೆಗೆದು ಕಾರು ಒಯ್ಯಬಹುದು ಎಂದ ಮೇಲೆ ಸೆಗಾವಾ ಅವರು ಬಟ್ಟೆ ತೆಗೆದು ಗಾಜು ಒರೆಸತೊಡಗಿದರು. ಕಾರು ವಾಪಸು ಪಡೆಯುವಾಗ ಒರೆಸುವುದು ಅವರ ರೂಢಿ, ಬೇಕೆಂದು ಮಾಡಿದ್ದಲ್ಲ. ಹೊಶಿನಾ ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಅದರ ಹೊದಿಕೆ ತೆಗೆದುಕೊಳ್ಳಲು ಬಂದಿದ್ದರು. ಹಿಂದಿನ ಬಾಗಿಲು ತೆರೆದಿತ್ತು, ಒಳಗಿನ ದೀಪ ಉರಿಯುತ್ತಿತ್ತು. ಗಾಜಿನ ಒಳಮೈ ಉಸಿರಿಗೆ ಮಸುಕಾಗಿತ್ತು. ಮಗು ಕೂತ ಕಡೆ, ಅದರ ಕೈ ಎಟುಕುವಷ್ಟು ಜಾಗದ ತುಂಬ, ಪುಟ್ಟ ಅಂಗೈಗಳ ಗುರುತು. ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಬಡಿದು ಬಡಿದು ಜಾರಿದ ಗುರುತು.

ಸೆಗಾವಾ ಅವರ ಕೈ ಬಟ್ಟೆ ಹಿಡಿದು ಹಾಗೇ ನಿಂತಿತು. ಹೊಶಿನಾ ಅವರು ಗಾಜನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮ ಅಂಗೈಯನ್ನು ಹೊರಗಿನಿಂದ ಆ ಗುರುತುಗಳ ಮೇಲೆ ಇಟ್ಟು ನಿಂತರು.

ನನ್ನ ಹಳೆ ವ್ಯಾನಿನಲ್ಲಿ ಆ ಮಗು ಒಂದು ಸಲ ಬಿಕ್ಕಿದ್ದರೂ ಓಣಿಗೆಲ್ಲ ಕೇಳುತ್ತಿತ್ತು. ಮಗು ಕ್ಷೇಮವಾಗಿದೆ, ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲ, ಇಷ್ಟು ಸಾಕು, ಸಹಿ ಹಾಕಿ ಎಂದು ಸಾಹೇಬರು ಹೇಳುತ್ತಿದ್ದಾರೆ. ಸಾಲದು. ಮಗು ನಿದ್ದೆ ಮಾಡುತ್ತಿತ್ತೆಂದು ನಿನ್ನೆ ಸಂಜೆ ತಾಯಿಗೆ ಹೇಳಿದ ಮಾತು ಸುಳ್ಳು. ಅದನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕೊಹಾರು ಅತ್ತಿದ್ದಳು. ನನ್ನ ಬಾಗಿಲಿನ ಮುಂದೆಯೇ ಅತ್ತಿದ್ದಳು, ನನಗೆ ಕೇಳಿಸಲಿಲ್ಲ. ಇದನ್ನು ಬರೆದು ತಾಯಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ, ಹೇಳಿದ್ದೆಲ್ಲ ನಿಜ, ನಿಜವಲ್ಲದ ಒಂದು ಮಾತನ್ನು ಮೇಲೆ ತಿದ್ದಿಸಿದ್ದೇನೆ.

ಸ್ಥಳ: ಕಾಮಿಸೊನೆ ಪೊಲೀಸ್ ಠಾಣೆ
ದಿನಾಂಕ: ಫೆಬ್ರವರಿ 1, ಶನಿವಾರ
ಸಹಿ ಮತ್ತು ಮುದ್ರೆ: ಕುರೊಯಿವಾ ಫುಸಾಯೊ