ಡೀಸೆಲ್ ಮುಳ್ಳು ಓದಿದ ದನಿ

ಧೈರ್ಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನು ತಲೆಯಲ್ಲಿಟ್ಟುಕೊಂಡೇ ಈ ಕತೆ ಕೇಳಿ. ಅವತ್ತು ರಾತ್ರಿ ಹನ್ನೊಂದರ ಹೊತ್ತಿಗೆ ಹಳೇ ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದೆ... ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ, ಅಷ್ಟೇ. ಓಡುತ್ತಿರಲಿಲ್ಲ.

ಬಾವಿಗೆ ಮುಚ್ಚಿದ ತಗಡು ಗಾಳಿಗೆ ಟಪ್... ಟಪ್... ಅನ್ನುತ್ತಿತ್ತು. ಅದರ ನಡುವೆ ಚಪ್ಪಲಿಯ ಸದ್ದು. ಸರಕ್, ಸರಕ್. ಎದುರಿಗೆ ಯಾರೋ.

"ಯಾರದು?" ಅಂತ ಗುಡುಗಿದೆ. ಗುಡುಗು ಗಂಟಲಲ್ಲೇ ಉಳಿಯಿತು, ಅದು ಬೇರೆ ಮಾತು.

ನನ್ನ ತಂಗಿ. ಟಾರ್ಚಿನ ಬೆಳಕು ನನ್ನ ಮುಖಕ್ಕೆ ಬಿಟ್ಟವಳು ನಿಂತಲ್ಲೇ ನಿಂತುಬಿಟ್ಟಳು.

"ಅಣ್ಣ... ನೀನು ಇಲ್ಲಿ?"

"ಮತ್ತೆಲ್ಲಿರಬೇಕು?"

ಅವಳ ಮಾತು ಪಿಸುಮಾತಾಯಿತು. "ಈಗಷ್ಟೇ ದೋಣಿ ಹತ್ರ ಚಹಾ ಇಟ್ಟು ಬರ್ತಿದ್ದೀನಿ. ನೀನು ಒಳಗೆ ಕೂತು ಮೀಟ್ರಿನ ಮುಳ್ಳು ಓದ್ತಿದ್ದೆ. ನಿನ್ನ ದನಿ... ಕಿವಿಯಾರೆ ಕೇಳಿದೆ."

ಇಲ್ಲಿ ಒಂಚೂರು ಹಿಂದಿನದು ಹೇಳಬೇಕು. ಆ ದೋಣಿ ತಂಗಿಯದು. ಈ ದಡದಿಂದ ಆ ದಡಕ್ಕೆ ಜನರನ್ನು ಸಾಗಿಸುತ್ತಾಳೆ, ಅವಳ ಮನೆ ನಡೆಯುವುದೇ ಅದರಿಂದ. ಅದರ ಡೀಸೆಲ್ ಮೀಟರಿನ ಮುಳ್ಳು ಅರ್ಧದಲ್ಲಿ ಅಂಟಿ ಕೂತಿತ್ತು. ಟ್ಯಾಂಕು ಒಣಗಿದರೂ ಅರ್ಧ, ತುಂಬಿ ತುಳುಕಿದರೂ ಅರ್ಧ. ಅದನ್ನು ನಂಬಿ ಎರಡು ಸಲ ಜನರ ಸಮೇತ ನಡುನೀರಲ್ಲಿ ನಿಂತಳು. ಮರುದಿನ ಬೆಳಗ್ಗೆ ಏಳಕ್ಕೆ ಅಧಿಕಾರಿ ಬಂದು ನೋಡುತ್ತಾರೆ, ಮುಳ್ಳು ಸರಿಯಿಲ್ಲದಿದ್ದರೆ ಪರವಾನಗಿ ರದ್ದು.

ರಿಪೇರಿಗೆ ಬಂದವನು ನಮ್ಮ ಚಿಕ್ಕಮ್ಮನ ಮಗ. ಮೆಕ್ಯಾನಿಕ್. ಮೊಂಡ ಅಂತಲೇ ಎಲ್ಲರೂ ಕರೆಯೋದು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹಿಂದೆ ಹಲಗೆ ತೆಗೆದು ಟ್ಯಾಂಕಿಗೆ ಕೈಹಾಕುತ್ತಾನೆ. ಇನ್ನೊಬ್ಬ ಮುಂದೆ ಚಾಲಕನ ಕೋಣೆಯಲ್ಲಿ ಕೂತು, ಮುಳ್ಳು ಎಲ್ಲಿದೆ ಅಂತ ಕೂಗಿ ಹೇಳುತ್ತಾನೆ. ಆ ಇನ್ನೊಬ್ಬ ನಾನು. ಆದರೆ ಕತ್ತಲಾದ ಮೇಲೆ ಆ ಕೋಣೆಯಲ್ಲಿ ಕೂರಬಾರದು ಅಂತ ದಡದವರು ಹೇಳುತ್ತಿದ್ದರು... ಅದಕ್ಕೂ ನಾನು ಮೊಂಡನಿಗೆ ಹೇಳದೆ ಎದ್ದು ಬಂದದ್ದಕ್ಕೂ ಸಂಬಂಧವಿಲ್ಲ. ನನಗೆ ನೆಗಡಿಯಾಗಿತ್ತು. ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೂಡ ತಗೊಂಡಿದ್ದೆ.

"ಹಾಗಾದ್ರೆ ಅಲ್ಲಿ ಓದ್ತಿರೋದು ಯಾರು?" ಅಂದಳು ತಂಗಿ.

ಟಪ್... ಟಪ್...

"ನಡಿ," ಅಂದಳು.

"ಎಲ್ಲಿಗೆ?"

"ನನ್ನ ದೋಣಿ ಹತ್ತಿ ಯಾರೋ ಕೂತಿದ್ದಾರೆ, ಎಲ್ಲಿಗೆ ಅಂತ ಕೇಳ್ತೀಯಲ್ಲ!"

ಹೋದೆವು. ನಾನೇ ಮುಂದೆ. ಸರಿ, ಹಿಂದಿನಿಂದ ಎಣಿಸಿದರೆ ನಾನೇ ಮುಂದೆ. ದಡದಲ್ಲಿ ಹಗ್ಗ ಕಿರ್‌ರ್... ಅಂತ ಬಿಗಿಯುತ್ತಿತ್ತು. ದೋಣಿಯ ತಳಕ್ಕೆ ನೀರು ಚಳಕ್, ಚಳಕ್. ಮೊಂಡನ ತಲೆ ಹಲಗೆಯ ಕೆಳಗೆ, ಹೊರಗೆ ಕಾಲುಗಳಷ್ಟೇ ಕಾಣುತ್ತಿದ್ದವು.

"ತಂತಿ ಬಿಚ್ಚಿದೆ. ಎಷ್ಟು?" ಅಂದ.

ಕತ್ತಲ ಕೋಣೆಯಿಂದ ಉತ್ತರ ಬಂತು. "ಖಾಲಿ."

ನನ್ನ ದನಿ. ನಾನು ಮಾತು ಎಳೆಯುವ ಹಾಗೇ ಕೊನೆಗೊಂದು ಎಳೆತ. ಅದಕ್ಕೆ ನೆಗಡಿ ಮಾತ್ರ ಇರಲಿಲ್ಲ.

"ತಂತಿನ ಕಬ್ಬಿಣಕ್ಕೆ ಮುಟ್ಟಿಸ್ದೆ. ಈಗ?"

"ಪೂರ್ತಿ."

"ಮೀಟ್ರೂ ಸರಿ, ತಂತೀನೂ ಸರಿ. ಟ್ಯಾಂಕ್ ಒಳಗೆ ತೇಲೋ ಬೆಂಡು ಎಲ್ಲೋ ಸಿಕ್ಕೊಂಡಿದೆ," ಅಂದ ಮೊಂಡ. "ಅಲ್ಲಣ್ಣ, ಇವತ್ತು ಒಂದು ಮಾತಿಗೆ ಒಂದೇ ಮಾತು! ನಿನಗೇನು ಹುಷಾರಿಲ್ವಾ?"

"ತಮ್ಮಾ," ಅಂದಳು ತಂಗಿ ಮೆಲ್ಲಗೆ. "ತಲೆ ಎತ್ತು."

ಎತ್ತಿದ. ದಡದಲ್ಲಿ ನನ್ನನ್ನು ನೋಡಿದ. ಕೋಣೆ ಕಡೆ ನೋಡಿದ. ಮತ್ತೆ ನನ್ನನ್ನು. ನಾನು ಸುಮ್ಮನೆ ಒಂದು ಕೈ ಎತ್ತಿದೆ...

"ಅರ್ಧ," ಅಂತು ಕೋಣೆ. ಯಾರೂ ಕೇಳಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನೀರಿಗೆ ಹಾರುತ್ತಿದ್ದರು. ಮೊಂಡ ಕೈಯಲ್ಲಿದ್ದ ಸ್ಪ್ಯಾನರನ್ನು ಚಡ್ಡಿಗೆ ಒರೆಸಿಕೊಂಡ. "ಏಳಕ್ಕೆ ಅಧಿಕಾರಿ ಬರ್ತಾರೆ. ನಿಮ್ಮಿಬ್ಬರಲ್ಲಿ ಯಾರಾದ್ರೂ ಓದಿ, ನನಗೇನೂ ಇಲ್ಲ. ಆದ್ರೆ ನೆಟ್ಟಗೆ ಓದಿ!" ಅಂದು ಮತ್ತೆ ತಲೆ ಒಳಗೆ ಹಾಕಿದ.

ಬೆಂಡಿನ ಕಡ್ಡಿ ಹೊರಗೆ ಎಳೆದ. ಬಾಗಿ ಟ್ಯಾಂಕಿನ ಗೋಡೆಗೆ ಸಿಕ್ಕಿಕೊಂಡಿತ್ತು. ಟಕ್, ಟಕ್ ಅಂತ ಬಡಿದು ನೇರ ಮಾಡಿದ. ತಂತಿ ಕಟ್ಟಿ, ಟ್ಯಾಂಕು ತುಂಬಿದಾಗ ಇರುವ ಹಾಗೆ ಬೆಂಡನ್ನು ಕೈಯಲ್ಲೇ ಮೇಲೆತ್ತಿ ಹಿಡಿದ. "ಈಗ?"

"ಅರ್ಧ."

"ಎತ್ತಿ ಹಿಡಿದಿದ್ದೀನಲ್ಲೋ! ಸರಿಯಾಗಿ ನೋಡು. ಈಗ?"

"ಅರ್ಧ."

ತಂಗಿಯ ಮುಖ ಸಣ್ಣದಾಯಿತು. "ಹಾಗಾದ್ರೆ ಸರಿ ಹೋಗಿಲ್ವಾ? ಬೆಳಗ್ಗೆ ನಾನೇನು ಮಾಡ್ಲಿ?"

ಆಗ ನನಗೆ ಬಂತು ನೋಡಿ ಸಿಟ್ಟು. ನನ್ನ ದನಿಯಲ್ಲಿ ಸುಳ್ಳು ಹೇಳುವ ಹಕ್ಕು ಇರುವುದು ನನಗೊಬ್ಬನಿಗೇ. ನಲವತ್ತು ವರ್ಷ ಕಷ್ಟಪಟ್ಟು ಸಂಪಾದಿಸಿದ್ದು ಅದು! ದೋಣಿಗೆ ಹಾರಿದೆ. ಕೋಣೆಯ ಬಾಗಿಲಿಗೆ ಕಾಲಿಂದ ಒದ್ದೆ.

ಯಾರೂ ಇರಲಿಲ್ಲ. ಮೀಟರಿನ ಸಣ್ಣ ದೀಪ, ಖಾಲಿ ಸೀಟು. ಮುಳ್ಳು ಬಲತುದಿಗೆ ಹೋಗಿ ನಿಂತಿತ್ತು.

"ಪೂರ್ತಿ!" ಅಂತ ಕೂಗಿದೆ.

"ಅರ್ಧ," ಅಂತು ನನ್ನ ಹೆಗಲ ಹಿಂದೆ.

"ಪೂರ್ತಿ! ಏಳಯ್ಯ ಮೇಲೆ, ಇದು ನನ್ನ ತಂಗಿ ದೋಣಿ!" ಅಂದು ಆ ಸೀಟಲ್ಲೇ ಕೂತೆ. ತಣ್ಣಗಿತ್ತು... ಮಂಜುಗಡ್ಡೆ ಮೇಲೆ ಕೂತ ಹಾಗೆ. ಏಳಲಿಲ್ಲ. ಮೊಂಡ ಬೆಂಡು ಇಳಿಸುತ್ತಾ ಹೋದ. ನಾನು ಮುಕ್ಕಾಲು ಅಂದರೆ ಅದು ಅರ್ಧ. ನಾನು ಕಾಲು ಅಂದರೆ ಅದು ಅರ್ಧ. ಪ್ರತಿ ಸಲ ಅದರ ದನಿ ಇನ್ನಷ್ಟು ಸಣ್ಣಗೆ... ಇನ್ನಷ್ಟು ದೂರ... ಕೊನೆಗೆ ನಾನು "ಖಾಲಿ!" ಅಂದಾಗ ಎದುರು ಮಾತು ಬರಲಿಲ್ಲ. ನೀರು ಮಾತ್ರ ಚಳಕ್ ಅಂತು.

ಬೆಳಗ್ಗೆ ಅಧಿಕಾರಿ ಟ್ಯಾಂಕಿಗೆ ಕೋಲು ಇಳಿಸಿ ಅಳೆದರು. ಕೋಲು ಹೇಳಿದ್ದನ್ನೇ ಮುಳ್ಳೂ ಹೇಳಿತು. ಸಹಿ ಬಿತ್ತು. ತಂಗಿ ಅವತ್ತೇ ಜನರನ್ನು ಹತ್ತಿಸಿಕೊಂಡು ದೋಣಿ ಹೊರಡಿಸಿದಳು.

ನಂಬದಿದ್ದರೆ ಬಿಡಿ, ನಾನು ಅಧಿಕಾರಿಯ ಪಕ್ಕದಲ್ಲೇ ನಿಂತಿದ್ದೆ. ಸಹಿ ಹಾಕುವ ಮುಂಚೆ ಅವರು ಮೀಟರಿನ ಗಾಜನ್ನು ಕರವಸ್ತ್ರದಿಂದ ಒರೆಸಿದರು. ಯಾರೋ ತೀರಾ ಹತ್ತಿರ ಬಗ್ಗಿ ನೋಡಿದ ಹಾಗೆ ಅದರ ಮೇಲೆ ಉಸಿರಿನ ಮಸುಕು, ಬಾಯಿಯಷ್ಟು ಅಗಲ. ಒರೆಸಿ ಕೈ ತೆಗೆಯುವಷ್ಟರಲ್ಲಿ ಮತ್ತೆ ಕಟ್ಟಿತು. ಆರಿತು. ಮತ್ತೆ ಕಟ್ಟಿತು.

"ಓದೋರು ಓದ್ಕೊಳ್ಳಲಿ, ಓಡಿಸೋಳು ನಾನು," ಅನ್ನುತ್ತಾಳೆ ತಂಗಿ. ಮೀಟರಿನ ಕೆಳಗೆ ಮೊಳೆ ಹೊಡೆದು ಒಂದು ಬಟ್ಟೆ ನೇತುಹಾಕಿದ್ದಾಳೆ. ದಿನಕ್ಕೆ ಮೂರು ಸಲ ಒರೆಸುತ್ತಾಳೆ.