ಮಧ್ಯಾಹ್ನ ಹನ್ನೆರಡರ ಚಿಲಕ

ಪಾಂಟಿಪ್ರಿದ್ ಪಟ್ಟಣದ ಬಸ್ ನಿಲ್ದಾಣದ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ವೃದ್ಧಾಶ್ರಮದ ಸಿಬ್ಬಂದಿಯ ನೀಲಿ ಅಂಗಿ ತೊಟ್ಟ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಳು ಬೆವ್, ನಲವತ್ತು ದಾಟಿದವಳು ರಿಯಾನ್. ಮೊದಲು ಬಾಯಿ ತೆಗೆದವಳು ಬೆವ್.

"ಮಂಗಳವಾರ ಎಲ್ರಿಗೂ ಊಟ ತಿನ್ನಿಸೋ ಹೊತ್ತಲ್ಲಿ ಹೊದಿಕೆ ಇಡೋ ಕೋಣೆ ಸೇರಿ ಚಿಲಕ ಹಾಕ್ಕೊಂಡೆಯಲ್ಲ, ಒಳಗೇನ್ ಮಾಡ್ತಿದ್ದೆ?"

"ನರ್ಸಿಂಗ್ ಓದ್ತಿದೀನಿ ಕಣೇ. ಫೋನಲ್ಲಿ ಪ್ರಬಂಧ ಕಳಿಸ್ತಿದ್ದೆ. ಮಧ್ಯಾಹ್ನ ಹನ್ನೆರಡು ದಾಟಿದ್ರೆ ಕಾಲೇಜಿನೋರು ತಗೊಳ್ಳಲ್ಲ."

"ಅದೇ ಕಾಲೇಜಲ್ಲಿ ನನ್ನ ಮೊಮ್ಮಗಳಿಗೆ ಮಧ್ಯರಾತ್ರಿವರೆಗೂ ಟೈಮಿತ್ತು."

"ನಮಗೂ ಇತ್ತು. ಈ ವರ್ಷ ಮಧ್ಯಾಹ್ನಕ್ಕೆ ತಂದ್ರು. ಹುಡುಗ್ರು ನಿದ್ದೆಗೆಡಬಾರ್ದಂತೆ."

"ಕೆಲಸ ಮಾಡ್ಕೊಂಡು ಓದೋ ನಿನ್ನಂಥೋರ್ನ ಒಂದು ಮಾತು ಕೇಳ್ಲಿಲ್ವಾ?"

"ಕೇಳೋಕೆ ಸಭೆ ಕರೆದಿದ್ರು. ಅದೂ ಮಧ್ಯಾಹ್ನವೇ."

"ಹಿಂದಿನ ದಿನಾನೇ ಕಳಿಸೋಕೆ ಏನಾಗಿತ್ತು?"

"ಸೋಮವಾರ ಕ್ಲಾಸು. ಎರಡು ಬಸ್ ಬದಲಾಯಿಸಿ ಮನೆ ಸೇರಿ, ಅಮ್ಮಂಗೆ ಊಟ ಹಾಕೋಷ್ಟರಲ್ಲಿ ನನ್ನ ಕಣ್ಣೇ ಬಿಡೋಕಾಗಲ್ಲ. ಕೊನೇ ಪುಟ ಬರೆದಿದ್ದು ಬೆಳಿಗ್ಗೆ ಬಸ್ಸಲ್ಲಿ."

ಬೆವ್ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ಹಾಕಿದಳು.

"ಮೊದಲೇ ಹೇಳಬಾರ್ದಿತ್ತೇನೇ?"

"ಓದ್ತಿದೀನಿ ಅಂದ್ರೆ ಮ್ಯಾನೇಜರ್ ಪಾಳಿ ಕಡಿಮೆ ಮಾಡ್ತಾಳೇನೋ ಅಂತ ಭಯ. ಈಗ ನೋಡು, ನಾಳೆ ಬಂದು ಕಾಣು ಅಂದಿದಾಳೆ. ನಾನು ಹೊದಿಕೆ ಕದೀತೀನಿ ಅಂತ ಯಾರೋ ಚಾಡಿ ಹೇಳಿದಾರಂತೆ."

"ಯಾರಂತೆ?"

"ನಾನು ಚಿಲಕ ಹಾಕ್ಕೊಂಡಾಗ ಆ ಕಡೆ ಇದ್ದಿದ್ದು ನೀನೊಬ್ಳೇ, ಬೆವ್."

"ನನ್ನ ಬಸ್ ಬಂತು," ಎಂದು ಬೆವ್ ಎದ್ದಳು.

ರಿಯಾನ್ ಕೂಡ ಎದ್ದು ಅವಳ ಹಿಂದೆಯೇ ಬಸ್ ಹತ್ತಿದಳು. ಬಸ್ಸು ಬಹುಪಾಲು ಖಾಲಿಯೇ ಇತ್ತು. ಕಿಟಕಿ ಪಕ್ಕ ಬೆವ್ ಕೂತಳು. ಅವಳಿಗೆ ಒತ್ತಿಕೊಂಡೇ ರಿಯಾನ್ ಕೂತಳು.