ಒಂಬತ್ತನೇ ಮಂಚದ ನಾಡಿ

ಹೆಸರು: ಓಬಯ್ಯ ಬಿನ್ ಲೇಟ್ ಕಾಟಯ್ಯ. ವಯಸ್ಸು: 61 ವರ್ಷ. ಕಸುಬು: ಕುರಿ ಸಾಕಣೆ ಮತ್ತು ನಾಟಕ ಕಲಿಸುವುದು. ವಾಸ: ಕರೇಕಲ್ಲು ಹಟ್ಟಿ, ಮತ್ತೋಡು ಹೋಬಳಿ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ.

ಯಾರೂ ಕರೆಯದೆ, ಈ ದಿನ ಬೆಳಿಗ್ಗೆ 9-15ಕ್ಕೆ ನಾನಾಗಿಯೇ ಠಾಣೆಗೆ ಬಂದು ನಿಂತು ಬರೆಸುತ್ತಿರುವುದು ಏನೆಂದರೆ:

ನಾನು ಮೂವತ್ತೆಂಟು ವರ್ಷಗಳಿಂದ ನಮ್ಮ ಹಟ್ಟಿಯವರಿಗೆ ನಾಟಕ ಕಲಿಸುತ್ತಾ ಬಂದಿರುತ್ತೇನೆ. ಮೈಕು ಕೆಟ್ಟರೂ ಕೊನೇ ಸಾಲಿಗೆ ಕೇಳುವಂತೆ ಮಾತಾಡುವುದು ನನ್ನ ಅಭ್ಯಾಸ. ಇಲ್ಲಿಯೂ ಹಾಗೇ ಮಾತಾಡಿದ್ದರಿಂದ ರೈಟರ್ ಸಾಹೇಬರು ಎರಡು ಸಲ ಮೆಲ್ಲಗೆ ಹೇಳಿ ಎಂದರು. ಕ್ಷಮೆ ಇರಲಿ. ಮೃತ ಕರಿಸಿದ್ದಪ್ಪ, 54 ವರ್ಷ, ನಮ್ಮ ಹಟ್ಟಿಯವನೇ, ಕುರಿ ಕಾಯುವವನು. ಇಪ್ಪತ್ತೆರಡು ವರ್ಷ ನನ್ನ ನಾಟಕಗಳಲ್ಲಿ ಯುದ್ಧದಲ್ಲಿ ಬಿದ್ದು ಸಾಯುವ ರಾಜನ ಪಾತ್ರ ಅವನದೇ. ಅವನು ಸತ್ತೊಡನೆ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಅವನು ಎದ್ದು, ಧೂಳು ಕೊಡವಿಕೊಂಡು, ಮತ್ತೆ ಸಾಯುತ್ತಿದ್ದನು. ಮತ್ತೋಡಿನಲ್ಲಿ ಒಂದೇ ರಾತ್ರಿ ನಾಲ್ಕು ಸಲ ಸತ್ತದ್ದೂ ಉಂಟು.

ದಿನಾಂಕ 10-02-2025ರಂದು ಬೆಳಿಗ್ಗೆ 11 ಗಂಟೆಗೆ ಚಿತ್ರದುರ್ಗದ ಹೊರಗಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿನ ಮ್ಯಾನೇಜರ್ ಮಾರುತೇಶ್ ಎಂಬುವರು ನನ್ನ ಮನೆಗೆ ಬಂದರು. ಬುಧವಾರ ತಮ್ಮ ಕಾಲೇಜಿನ ಆಸ್ಪತ್ರೆಗೆ ತಪಾಸಣೆಯವರು ಬರುತ್ತಾರೆ, ಮಂಚ ಅವೆ, ಕಲಿಯೋ ಹುಡುಗೀರು ಅವ್ರೆ, ರೋಗಿಗಳೇ ಇಲ್ಲ ಮೇಷ್ಟ್ರೇ ಎಂದರು. ಎರಡು ವರ್ಷದಿಂದ ಆ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ನಾಡಿ ಎಣಿಸುವುದನ್ನು ಕಲಿಯುತ್ತಿವೆ ಎಂದರು. ಇಪ್ಪತ್ತು ಜನ ಗಂಡಸರು ಬಂದು ಒಂದು ದಿನ ಮಲಗಿದರೆ ಊಟ, ಒಂದೊಂದು ಕಂಬಳಿ. ನಾಟಕದೋರು ನೀವು, ಮಲಗಾಕೆ ಬರಾಕಿಲ್ವಾ ಎಂದು ನಕ್ಕರು. ಮಲಗೋದು ಎಲ್ಲಾರಿಗೂ ಬರ್ತೈತೆ ಸ್ವಾಮಿ, ನರಳೋದಕ್ಕೆ ಕಲೆ ಬೇಕು ಎಂದು ನಾನು ಹೇಳಿದೆನು. ಇದನ್ನು ಹೇಳಿದ್ದು ನಾನೇ.

ದಿನಾಂಕ 11-02-2025ರಂದು ಸಂಜೆ 4 ಗಂಟೆಗೆ ಶಾಲೆಯ ಜಗುಲಿಯ ಮೇಲೆ ತಾಲೀಮು ನಡೆಸಿದೆನು. ಮಾರುತೇಶ್ ಕೊಟ್ಟ ಪಟ್ಟಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ ಹಂಚಿದೆನು. ಶಿವು ಎಂಬುವನಿಗೆ ಹೊಟ್ಟೆನೋವು ಬಂತು. ಅವನು ನನಗೆ ಕಾಲು ಮುರಿದಿರೋ ಪಾತ್ರ ಕೊಡ್ರಿ, ಹೊಟ್ಟೆನೋವಿನೋನಿಗೆ ಊಟ ಹಾಕಾಕಿಲ್ಲ ಎಂದು ಜಗಳ ತೆಗೆದನು. ಎದೆನೋವು ಕಷ್ಟದ ಪಾತ್ರವಾದ್ದರಿಂದ ಕರಿಸಿದ್ದಪ್ಪನಿಗೆ ಕೊಟ್ಟೆನು. ಲೇ, ಇದರಾಗೆ ಸಾಯಂಗಿಲ್ಲ, ಬರೀ ನರಳು ಎಂದು ಎಚ್ಚರಿಸಿದೆನು. ಎಡಗೈ ಎಲ್ಲಿ ಹಿಡಿಯಬೇಕು, ಉಸಿರು ಎಲ್ಲಿ ಕತ್ತರಿಸಬೇಕು, ಎಲ್ಲವನ್ನೂ ಮೂರು ಸಲ ಮಾಡಿ ತೋರಿಸಿದೆನು. ಅವನ ಹೆಂಡತಿ ಈರಕ್ಕ, ಬ್ಯಾಡ್ರಿ ಮೇಷ್ಟ್ರೇ, ಇಲ್ಲದ ನೋವನ್ನ ಹೆಸರು ಹಿಡಿದು ಕರೀಬಾರ್ದು ಎಂದಳು. ಹಂಗಾದ್ರೆ ನಿನ್ನ ಗಂಡ ಇಷ್ಟೊತ್ತಿಗೆ ಎಷ್ಟು ಸಲ ಹೋಗಿರಬೇಕಿತ್ತವ್ವಾ ಎಂದೆನು. ಎಲ್ಲರೂ ನಕ್ಕರು. ಕೊನೆಗೆ ಅವಳೂ ನಕ್ಕಳು.

ದಿನಾಂಕ 12-02-2025, ಬುಧವಾರ, ಬೆಳಿಗ್ಗೆ 5-40ಕ್ಕೆ ಕಾಲೇಜಿನ ವ್ಯಾನು ಬಂತು. ಹತ್ತುವಾಗ ಕರಿಸಿದ್ದಪ್ಪ ನನ್ನ ಬಳಿ, ರಾತ್ರಿಯೆಲ್ಲಾ ನಿದ್ದೆ ಇಲ್ಲ ಮೇಷ್ಟ್ರೇ, ಎದೆ ಹಿಡ್ಕಂಡಂಗೆ ಐತೆ ಎಂದನು. ಪಾತ್ರ ಒಳಗಿಳಿದೈತೆ ಕಣಲೇ ಎಂದು ಬೆನ್ನು ತಟ್ಟಿದೆನು.

62 ಕಿಲೋಮೀಟರ್ ಬಂದು 7-35ಕ್ಕೆ ಇಳಿದೆವು. ನಮ್ಮ ಬಟ್ಟೆ ತೆಗೆಸಿ ಆಸ್ಪತ್ರೆಯ ಹಸಿರು ಅಂಗಿ ಕೊಟ್ಟರು. ನನಗೆ ಎಂಟನೇ ಮಂಚ, ಕರಿಸಿದ್ದಪ್ಪನಿಗೆ ಒಂಬತ್ತು, ಶಿವುಗೆ ಹತ್ತು. ಒಂಬತ್ತನೇ ಮಂಚದ ಕೇಸ್ ಶೀಟಿನಲ್ಲಿ ತಿಪ್ಪಣ್ಣ, ಹೊಳಲ್ಕೆರೆ, ದಾಖಲಾಗಿ ಮೂರು ದಿನ ಎಂದು ಮೊದಲೇ ಬರೆದಿತ್ತು. ಮೂರೂ ದಿನದ ನಾಡಿ 78. ಒಂದೇ ಪೆನ್ನು, ಒಂದೇ ಕೈಬರಹ.

10-20ಕ್ಕೆ ವಿದ್ಯಾರ್ಥಿನಿಯರು ವಾರ್ಡಿಗೆ ಬಂದರು. ಒಂಬತ್ತನೇ ಮಂಚಕ್ಕೆ ಬಂದ ಹುಡುಗಿಯ ಹೆಸರು ಮಮತಾ, 19 ವರ್ಷ, ಜವನಗೊಂಡನಹಳ್ಳಿಯವಳು, ಎರಡನೇ ವರ್ಷದ ವಿದ್ಯಾರ್ಥಿನಿ. ತಾನು ಗೆಳತಿಯರ ಕೈ ಬಿಟ್ಟು ಬೇರೆಯವರ ಕೈ ಹಿಡಿಯುತ್ತಿರುವುದು ಇದೇ ಮೊದಲು ಎಂದಳು. ಒಂದು ನಿಮಿಷ ಪೂರ್ತಿ ಗಡಿಯಾರ ನೋಡಿದಳು. ಕರಿಸಿದ್ದಪ್ಪ, ಏನವ್ವಾ, ಬದುಕೀನಾ ಎಂದು ಕೇಳಿದನು. ಬದುಕಿದ್ದೀರ ದೊಡ್ಡಪ್ಪ, ಸುಮ್ನಿರ್ರಿ, ಲೆಕ್ಕ ತಪ್ತೈತೆ ಎಂದು ಗದರಿದಳು. ಅವನ ನಿಜವಾದ ಹೆಸರು ಕೇಳಿ, ಕರಿಸಿದ್ದಪ್ಪ, 76 ಎಂದು ತನ್ನ ಕೇಸ್ ಪುಸ್ತಕದಲ್ಲಿ ಬರೆದುಕೊಂಡಳು. ಶೀಟಿನ 78 ನಕಲು ಮಾಡಿದರೆ ಸಾಕು ಎಂದು ಅವರ ಟೀಚರ್ ಯಶೋದಾ ಮೇಡಂ ಹೇಳಿದರೂ ತಾನು ಬರೆದದ್ದನ್ನು ಹೊಡೆದುಹಾಕಲಿಲ್ಲ.

11-40ಕ್ಕೆ ತಪಾಸಣೆಯವರು ಬಂದರು. ಕರಿಸಿದ್ದಪ್ಪನ ನರಳಾಟ ಕೇಳಿ ಅವರಲ್ಲಿ ಒಬ್ಬರು ನಿಂತು ತಲೆಯಾಡಿಸಿ ಏನೋ ಬರೆದುಕೊಂಡರು. ನನ್ನ ಎದೆ ಉಬ್ಬಿತು. 11-55ಕ್ಕೆ ಅವರು ಹೆಂಗಸರ ವಾರ್ಡಿಗೆ ಹೋದರು. ಮಾರುತೇಶ್ ಅವರ ಹಿಂದೆಯೇ ಹೋದರು. ನಮ್ಮವರೆಲ್ಲಾ ನರಳುವುದನ್ನು ನಿಲ್ಲಿಸಿ ಎದ್ದು ಕುಳಿತರು.

ಕರಿಸಿದ್ದಪ್ಪ ನಿಲ್ಲಿಸಲಿಲ್ಲ.

ಶಿವು ಚಪ್ಪಾಳೆ ತಟ್ಟಿ ಒನ್ಸ್ ಮೋರ್ ಎಂದನು. ವಾರ್ಡೆಲ್ಲಾ ನಗು. ಪಕ್ಕದ ವಾರ್ಡಿಗೆ ಕೇಳಿಸುತ್ತದೆ ಎಂದು ನಾನು ಕೈಯೆತ್ತಿ ನಗುವವರನ್ನು ಸುಮ್ಮನಿರಿಸಿದೆನು. ನರಳುವವನನ್ನು ನೋಡಲಿಲ್ಲ.

12-08ಕ್ಕೆ ಮಮತಾ ಓಡಿಬಂದು ನಾಡಿ ಹಿಡಿದಳು. ಮುಗಿಸಿ ಮತ್ತೊಮ್ಮೆ ಎಣಿಸಿದಳು. ಎರಡು ಸಲವೂ 44. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡು ಯಶೋದಾ ಮೇಡಂ ಬಳಿ ಹೋಗಿ ಹೇಳಿದಳು. ಶೀಟಲ್ಲಿ 78 ಐತಲ್ಲ, ತಪಾಸಣೆಯೋರು ಹೋಗೋ ತನಕ ಏನೂ ತಿದ್ದಬೇಡ ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಹುಡುಗಿ ನನ್ನ ಮಂಚಕ್ಕೆ ಬಂದಳು. ದೊಡ್ಡಪ್ಪ, ಇದು ನೀವು ಹೇಳಿಕೊಟ್ಟಿದ್ದಾ ಎಂದು ಕೇಳಿದಳು. ನಾನೇ ಕಲಿಸಿದ್ದು ಕಣವ್ವಾ, ಇಪ್ಪತ್ತೆರಡು ವರ್ಷದ ಕಲೆ ಅದು ಎಂದು ಎದೆ ತಟ್ಟಿಕೊಂಡೆನು. ನರಳೋದು ಕಲಿಸಿರಬಹುದು, ನಾಡಿ ಹೆಂಗೆ ಕಲಿಸಿದ್ರಿ ಎಂದಳು. ಬೆವರನ್ನೂ ಕಲಿಸಿದ್ರಾ ಎಂದಳು. ಪಾತ್ರದಾಗೆ ಮುಳುಗಿದೋನು ಬೆವರ್ತಾನವ್ವಾ ಎಂದೆನು.

12-15ಕ್ಕೆ ಆಕೆ ಎದೆ ಪರೀಕ್ಷೆಯ ಯಂತ್ರವನ್ನು ತಳ್ಳಿಕೊಂಡು ಬಂದಳು. ಅದರ ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಒಳಗೆ ಕಾಗದದ ಸುರುಳಿ ಇರಲಿಲ್ಲ. ಬಾಗಿಲಲ್ಲಿ ಬಿಳಿ ಕೋಟು ಹಾಕಿ ನಿಂತಿದ್ದವರ ಕೈ ಹಿಡಿದು, ಸರ್ ಬರ್ರಿ ಎಂದು ಎಳೆದಳು. ಅವರು, ಬಿಡಮ್ಮಾ, ನಾನು ಕಾಲೇಜಿನ ಲೈಬ್ರರಿಯವನು ಎಂದರು. ಆಗ ಆಕೆ ವಾರ್ಡಿನ ನಡುವೆ ನಿಂತು, ಇಲ್ಲಿ ನಿಜವಾದೋರು ಯಾರಾದ್ರೂ ಇದ್ದೀರಾ ಎಂದು ಕೂಗಿದಳು. ಇಪ್ಪತ್ತು ಜನ ರೋಗಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

12-30ಕ್ಕೆ ಕರಿಸಿದ್ದಪ್ಪ ನನ್ನ ಕೈ ಹಿಡಿದು, ಮೇಷ್ಟ್ರೇ, ಸಾಕು ಮಾಡ್ರಿ, ಮನೆಗೆ ಹೋಗಾಣ ಎಂದನು. ಅವನ ಕೈ ತಣ್ಣಗಿತ್ತು. ಆಗ ನನಗೆ ತಿಳಿಯಿತು.

ಅವನನ್ನು ಹೊತ್ತುಕೊಂಡು ಗೇಟಿಗೆ ಬಂದೆವು. ಬೀಗ ಹಾಕಿತ್ತು. ವ್ಯಾನಿನ ಕೀಲಿಯೂ ಗೇಟಿನ ಕೀಲಿಯೂ ಮಾರುತೇಶ್ ಬಳಿ, ಮಾರುತೇಶ್ ತಪಾಸಣೆಯವರ ಜೊತೆ ಊಟಕ್ಕೆ. ಮಮತಾ ಅಲ್ಲಿಂದಲೇ 108ಕ್ಕೆ ಫೋನ್ ಮಾಡಿದಳು. ಅದು ಬರುವ ಮೊದಲೇ, 1-10ಕ್ಕೆ, ಕೀಲಿ ಸಿಕ್ಕಿತು. ಊಟದ ಕೋಣೆಯ ಬಾಗಿಲಲ್ಲಿ ನಿಂತು ನಾನು ನನ್ನ ಪೂರ್ತಿ ಗಂಟಲಿನಲ್ಲಿ ಕೂಗಿದ್ದರಿಂದ ಸಿಕ್ಕಿತು. ಅದೇ ಗಂಟಲು ಒಂದು ಗಂಟೆ ಮೊದಲೂ ನನ್ನ ಬಳಿಯೇ ಇತ್ತು.

ಜಿಲ್ಲಾ ಆಸ್ಪತ್ರೆಗೆ 7 ಕಿಲೋಮೀಟರ್. ಎರಡನೇ ಕಿಲೋಮೀಟರಿನಲ್ಲಿ ಅವನ ಉಸಿರು ನಿಂತಿತು. ಮಮತಾ ವ್ಯಾನಿನಲ್ಲಿ ಮಂಡಿಯೂರಿ ಅವನ ಎದೆ ಒತ್ತುತ್ತಲೇ ಬಂದಳು. ಗಟ್ಟಿಯಾಗಿ ಮೂವತ್ತರವರೆಗೆ ಎಣಿಸಿ ಬಾಯಿಂದ ಉಸಿರು ಕೊಟ್ಟು ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಗೊಂಬೆಯ ಮೇಲೆ ಕಲಿತಿದ್ದೀನಿ, ಸರಿಯಾಗಿ ಮಾಡ್ತಿದ್ದೀನಾ ದೊಡ್ಡಪ್ಪ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಸರಿ ಐತವ್ವಾ ಎಂದೆನು. 1-28ಕ್ಕೆ ತಲುಪಿದೆವು. 1-35ಕ್ಕೆ ಅಲ್ಲಿನ ವೈದ್ಯರು ಜೀವ ಹೋಗಿದೆ ಎಂದರು. ಹುಡುಗಿಯ ಕೈಯನ್ನು ಅವನ ಎದೆಯ ಮೇಲಿಂದ ನಾನೂ ಆ ವೈದ್ಯರೂ ಸೇರಿ ತೆಗೆಯಬೇಕಾಯಿತು.

ಅದೇ ಸಂಜೆ ಕಾಲೇಜಿನವರು ಈ ಠಾಣೆಗೆ ದೂರು ಕೊಟ್ಟಿರುತ್ತಾರೆ. ಹೊರಗಿನಿಂದ ಬಂದ ಅಪರಿಚಿತನಿಗೆ ವಿದ್ಯಾರ್ಥಿನಿ ಮಮತಾ ಅನುಮತಿಯಿಲ್ಲದೆ ಯಾವುದೋ ಮಾತ್ರೆ ನುಂಗಿಸಿದಳು ಎಂದು ಅದರಲ್ಲಿ ಇದೆಯಂತೆ. ಒಂಬತ್ತನೇ ಮಂಚದ ಶೀಟಿನಲ್ಲಿ ತಿಪ್ಪಣ್ಣ ಮಧ್ಯಾಹ್ನ 2 ಗಂಟೆಗೆ ಗುಣವಾಗಿ ಮನೆಗೆ ಹೋದನೆಂದು ಬರೆದಿದೆಯಂತೆ. ಆಕೆಯ ಕೇಸ್ ಪುಸ್ತಕವನ್ನು ಯಶೋದಾ ಮೇಡಂ ಇಸಿದುಕೊಂಡಿರುತ್ತಾರೆ. ಕರಿಸಿದ್ದಪ್ಪ ಎಂಬ ಹೆಸರು ಆ ಆಸ್ಪತ್ರೆಯಲ್ಲಿ ಇದ್ದದ್ದು ಆ ಪುಸ್ತಕದ ಒಂದು ಹಾಳೆಯಲ್ಲಿ ಮಾತ್ರ.

ಮಮತಾ ಮಾತ್ರೆ ಕೊಟ್ಟಿಲ್ಲ, ಸೂಜಿ ಚುಚ್ಚಿಲ್ಲ. ಬೆಳಿಗ್ಗೆಯಿಂದ ಅವನು ಸಾಯುವವರೆಗೂ, ಕೀಲಿಗೆ ಓಡಿದ ಹೊತ್ತು ಬಿಟ್ಟರೆ, ನಾನು ಅವನ ಪಕ್ಕದಲ್ಲೇ ಇದ್ದೆನು; ಆ ಹೊತ್ತಿನಲ್ಲಿ ಶಿವು ಇದ್ದನು. ಅವನನ್ನು ರೋಗಿ ಎಂದು ನಂಬಿದವಳು ಅವಳೊಬ್ಬಳೇ. ಆ ಹಾಳೆ ಸಿಕ್ಕದಿದ್ದರೆ ನನ್ನಿಂದ ಬರೆದುಕೊಳ್ಳಿ: 10-20ಕ್ಕೆ 76, 12-08ಕ್ಕೆ 44. ರಾತ್ರಿಯಿಡೀ ಆಡುವ ನಾಟಕ ಬಾಯಿಪಾಠ ಇರುವವನಿಗೆ ಎರಡು ಅಂಕಿ ಮರೆಯುವುದಿಲ್ಲ. ನನ್ನ ಒಂದು ಮಾತು ಇಷ್ಟು ದೊಡ್ಡ ಕಾಲೇಜಿನ ಎದುರು ನಿಲ್ಲುತ್ತದೋ ಇಲ್ಲವೋ ನನಗೆ ತಿಳಿಯದು. ಹೇಳಬಲ್ಲೆ, ಅಷ್ಟೇ.

ರೈಟರ್ ಸಾಹೇಬರು ಮೇಲಿನದೆಲ್ಲವನ್ನೂ ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಒಂದು ಮಾತೂ ಕಟ್ಟಿದ್ದಲ್ಲ. ಸಹಿಗೆ ಮುಂಚೆ ಇನ್ನೊಂದು ಮಾತು ಸೇರಿಸಲು ಕೇಳಿಕೊಂಡೆನು, ಸೇರಿಸಿದರು. ಕರಿಸಿದ್ದಪ್ಪ ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರು ಸತ್ತಿದ್ದಾನೆ. ಬಿದ್ದವನ ಹಣೆಯನ್ನು ಪ್ರತಿ ಸಲವೂ ನನ್ನ ಟವಲ್ಲಿನಿಂದ ನಾನೇ ಒರೆಸಿದ್ದೇನೆ. ಬಣ್ಣ ಅಂಟುತ್ತಿತ್ತು, ಒಂದು ಸಲವೂ ಬೆವರು ಇರಲಿಲ್ಲ. ಹುಡುಗಿ ಕೇಳಿದಾಗ ಇದು ನನಗೆ ಗೊತ್ತಿತ್ತು.

ಸ್ಥಳ: ಚಿತ್ರದುರ್ಗ
ದಿನಾಂಕ: 13-02-2025

(ಸಹಿ) ಓಬಯ್ಯ